ತುಂಬು ತೋಳಿನ ರವಿಕೆ

ಮಂಗಳೂರಿನ ಸೆಕೆಗಾಲದಲ್ಲಿ ತುಂಬು ತೋಳಿನ ರವಿಕೆ ಕೇಳುವವರು ಇಬ್ಬರೇ. ಒಬ್ಬಳು ತಲೆ ಕೆಟ್ಟವಳು. ಇನ್ನೊಬ್ಬಳು ಗಂಡನ ಪೆಟ್ಟು ತಿನ್ನುವವಳು. ಸೋನಿಯಾಳ ತಲೆ ಸರಿಯಾಗಿಯೇ ಇತ್ತು.

ಗ್ಲ್ಯಾಡಿಸ್ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಅವಳನ್ನೇ ನೋಡಿದಳು. ಇಗರ್ಜಿಯ ಗಾಯನ ಮಂಡಳಿಯ ಹೆಂಗಸರು ಹದಿನೆಂಟು ಜನ. ಮೇ ತಿಂಗಳ ಕುಟುಂಬ ಭಾನುವಾರಕ್ಕೆ ಎಲ್ಲರಿಗೂ ಒಂದೇ ಬಣ್ಣದ ಸೀರೆ, ಒಂದೇ ನಮೂನೆಯ ರವಿಕೆ. ತೋಳು ಆರು ಇಂಚು. ಹದಿನೇಳು ಜನ ಬಂದು ಅಳತೆ ಕೊಟ್ಟು ಹೋಗಿದ್ದರು. ಹದಿನೆಂಟನೆಯವಳು ಬಂದು ಮಣಿಕಟ್ಟಿನವರೆಗೆ ತೋಳು ಬೇಕೆನ್ನುತ್ತಿದ್ದಳು.

"ಎಲ್ಲರಿಗೂ ಆರು. ನಿನಗೆ ಮಾತ್ರ ಯಾಕೆ ಬಾಯೆ ಇಪ್ಪತ್ತೊಂದು?"

"ನುಸಿ ಜಾಸ್ತಿ ಅಲ್ವಾ ಗ್ಲ್ಯಾಡಿಸ್ ಬಾಯಿ. ಹಾಡುವಲ್ಲಿ ತುಂಬ ನುಸಿ."

"ಹದಿನೇಳು ಜನರನ್ನು ಬಿಟ್ಟು ನಿನ್ನನ್ನೇ ಹುಡುಕಿಕೊಂಡು ಬಂದು ಕಚ್ಚುವ ನುಸಿಯಾ?"

ಸೋನಿಯಾ ನಗಲಿಲ್ಲ. ಗ್ಲ್ಯಾಡಿಸ್ ಟೇಪನ್ನು ಎಡಭುಜಕ್ಕೆ ಇಟ್ಟಳು. ಇಟ್ಟಳು ಎಂದರೆ ತಾಗಿಸಿದಳು, ಅಷ್ಟೇ. ಸೋನಿಯಾ ಒಲೆಗೆ ಕೈ ತಾಗಿದವಳಂತೆ ಹಿಂದಕ್ಕೆ ಸರಿದಳು. ಸೀರೆಯ ಸೆರಗು ಜಾರಿತು. ಕುತ್ತಿಗೆಯ ಕೆಳಗೆ, ಎಲುಬಿನ ಮೇಲೆ, ನೇರಳೆ ಹಣ್ಣು ಹಿಂಡಿದಂಥ ಕಲೆ. ಅದರ ಪಕ್ಕದಲ್ಲಿ ಹಳದಿಗೆ ತಿರುಗಿದ ಇನ್ನೊಂದು. ಹಳತು.

"ಬಾತ್‌ರೂಮಲ್ಲಿ ಜಾರಿದ್ದು," ಅಂದಳು ಸೋನಿಯಾ, ಕೇಳುವ ಮೊದಲೇ.

ಬೋಳಾರದ ಓಣಿಯಲ್ಲಿ ಗ್ಲ್ಯಾಡಿಸಳ ಹೊಲಿಗೆ ಅಂಗಡಿಗೆ ಇಪ್ಪತ್ತೆರಡು ವರ್ಷ. ಎಂಟು ಅಡಿ ಉದ್ದ, ಆರು ಅಡಿ ಅಗಲ, ಕಾಲಲ್ಲಿ ತುಳಿಯುವ ಯಂತ್ರ ಒಂದು. ತುಳಿದು ತುಳಿದು ಅವಳ ಬಲಮೊಣಕಾಲು ಸವೆದಿದೆ. ಕುಳಿತಲ್ಲಿಂದ ಏಳಬೇಕಾದರೆ ಮೇಜು ಹಿಡಿಯಬೇಕು. ಆದರೆ ಕಣ್ಣು ಸವೆದಿಲ್ಲ. ಹೊಲಿಗೆಯವಳಿಗೆ ಊರ ಹೆಂಗಸರ ಮೈ ಗೊತ್ತಿರುವಷ್ಟು ಡಾಕ್ಟರಿಗೂ ಗೊತ್ತಿರುವುದಿಲ್ಲ. ಡಾಕ್ಟರ ಹತ್ತಿರ ಹೋಗದವರೂ ಹಬ್ಬಕ್ಕೊಂದು ರವಿಕೆ ಹೊಲಿಸುತ್ತಾರೆ.

ಅವಳು ಅಳತೆಯ ಪುಸ್ತಕ ತೆಗೆದಳು. ಸೋನಿಯಾ ಮದುವೆಯಾಗಿ ಬಂದ ವರ್ಷ ತೋಳು ಐದು ಇಂಚು. ಎರಡು ವರ್ಷದ ಮೇಲೆ ಒಂಬತ್ತು. ಮಗಳು ಏವ್ರಿಲ್ ಹುಟ್ಟಿದ ಮೇಲೆ ಹದಿನಾಲ್ಕು. ಈಗ ಇಪ್ಪತ್ತೊಂದು. ತೋಳು ಬೆಳೆಯುತ್ತ ಬಂದಿತ್ತು, ಎದೆಯ ಸುತ್ತಳತೆ ಇಳಿಯುತ್ತ ಬಂದಿತ್ತು. ಎಲ್ಲವನ್ನೂ ತನ್ನ ಕೈಯಲ್ಲೇ ಬರೆದು, ತನ್ನ ಕೈಯಲ್ಲೇ ಹೊಲಿದು ಕೊಟ್ಟಿದ್ದಾಳೆ. ಹನ್ನೆರಡು ವರ್ಷ ಅವನ ಹೊಡೆತಕ್ಕೆ ಪರದೆ ಹೊಲಿದು ಕೊಟ್ಟವಳು ನಾನೇ ಎಂದು ಅವಳಿಗೆ ಹೊಳೆದದ್ದು ಆ ದಿನ. 

ಸೋನಿಯಾಳ ಗಂಡ ಲಯನೆಲ್. ಬೈಕಂಪಾಡಿಯಲ್ಲಿ ಅವನದೊಂದು ವರ್ಕ್‌ಶಾಪ್ ಉಂಟು. ಇಗರ್ಜಿಗೆ ಹೊಸ ಮೈಕು, ಸ್ಪೀಕರು ಕೊಡಿಸಿದವನು ಅವನು. ವಾರ್ಡಿನ ಗುರ್ಕಾರನೂ ಅವನೇ. ಗುರ್ಕಾರ ಎಂದರೆ ಇಗರ್ಜಿಯ ಕಡೆಯಿಂದ ಇಪ್ಪತ್ತು ಮೂವತ್ತು ಮನೆಗಳನ್ನು ನೋಡಿಕೊಳ್ಳುವ ಮುಖಂಡ. ಯಾರ ಮನೆಯಲ್ಲಿ ಸಾವು, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಜಗಳ, ಎಲ್ಲ ಅವನಿಗೆ ಗೊತ್ತಿರಬೇಕು. ಲಯನೆಲ್‌ಗೆ ಗೊತ್ತಿತ್ತು. ಮಾತು ಬೆಣ್ಣೆ. ಮುದುಕಿಯರ ಕೈಹಿಡಿದು ಮೆಟ್ಟಲು ಹತ್ತಿಸುವವನು. ಹೆಂಡತಿಯ ಮುಖಕ್ಕೆ ಒಂದು ಸಲವೂ ಹೊಡೆದವನಲ್ಲ. ಅವಳು ಪ್ರತಿ ಭಾನುವಾರ ಎಲ್ಲರ ಎದುರು ನಿಂತು ಕೀರ್ತನೆ ಹಾಡಬೇಕಲ್ಲ! ಮುಖ ಇಗರ್ಜಿಗೆ, ಉಳಿದದ್ದು ಅವನಿಗೆ.

ಗ್ಲ್ಯಾಡಿಸ್‌ಗೆ ಇದೆಲ್ಲ ಬಾಯಿಪಾಠ. ಅವಳ ಗಂಡ ಪಡೀಲಿನವನು. ಅವನಿಗೆ ಮುಖವೂ ಒಂದೇ, ಬೆನ್ನೂ ಒಂದೇ. ಮೂರು ಸಲ ಹಿಂದಿನ ಫಾದರ್ ಹತ್ತಿರ ಹೋಗಿದ್ದಳು. ಮೂರು ಸಲವೂ, ನಿನ್ನ ಶಿಲುಬೆ ನೀನೇ ಹೊರಬೇಕು ಮಗಳೇ ಎಂದು ವಾಪಸು ಕಳಿಸಿದ್ದರು. ನಾಲ್ಕನೆಯ ಸಲ ಅವಳು ಶಿಲುಬೆಯನ್ನು ಅಲ್ಲೇ ಬಿಟ್ಟು, ಹೊಲಿಗೆ ಯಂತ್ರವನ್ನು ಹೊತ್ತುಕೊಂಡು ಮನೆ ಬಿಟ್ಟಳು. ಅಲ್ಲಿಂದ ಶುರುವಾಯಿತು ಇಗರ್ಜಿಯ ಶಿಕ್ಷೆ. ಸ್ತ್ರೀ ಸಂಘಟನೆಯಿಂದ ಹೆಸರು ಹೋಯಿತು. ವಾರ್ಡಿನ ಪ್ರಾರ್ಥನೆ ಸರದಿಯಂತೆ ಎಲ್ಲ ಮನೆಗೂ ಬರುತ್ತದೆ, ಅವಳ ಮನೆಗೆ ಬರುವುದಿಲ್ಲ. ಗಂಡ ಬಿಟ್ಟವಳು ಎಂದರು, ಗಂಡನನ್ನು ಬಿಟ್ಟವಳು ಎಂದು ಯಾರೂ ಅನ್ನಲಿಲ್ಲ. ಅವಳು ಕೂರುವುದು ಕೊನೆಯ ಬೆಂಚು, ಕಂಬದ ಹಿಂದೆ. ಆದರೆ ಫಾದರ್ ಹಾಕುವ ಪೂಜೆಯ ನಿಲುವಂಗಿ, ಪೀಠದ ಮೇಲಿನ ಬಿಳಿ ವಸ್ತ್ರ, ಎಲ್ಲ ಅವಳೇ ಹೊಲಿಯಬೇಕು. ಅವಳ ಹೊಲಿಗೆಗೆ ದೇವರ ಎದುರು ಜಾಗ ಉಂಟು. ಅವಳಿಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅವಳು ಒಂದು ತಪ್ಪು ಮಾಡಿದಳು. ಫಾದರ್ ಹತ್ತಿರ ಹೋದಳು.

ಫಾದರ್ ವಲೇರಿಯನ್ ಹೊಸಬರು. ನಲವತ್ತು ತುಂಬಿರಲಿಲ್ಲ. ಮಹಿಳಾ ದಿನಕ್ಕೆ ಇಗರ್ಜಿಯ ಹೆಂಗಸರಿಗೆಲ್ಲ ಒಂದೊಂದು ಗುಲಾಬಿ ಕೊಟ್ಟು, ಹೆಣ್ಣಿನ ಘನತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದರು. ಕಂಬದ ಹಿಂದೆ ಬಂದು ಗ್ಲ್ಯಾಡಿಸ್‌ಗೂ ಒಂದು ಕೊಟ್ಟಿದ್ದರು. ಆ ಗುಲಾಬಿಯೇ ಅವಳ ಬುದ್ಧಿ ಕೆಡಿಸಿದ್ದು.

"ಲಯನೆಲ್ ಸೋನಿಯಾಳಿಗೆ ಹೊಡೀತಾನೆ ಫಾದರ್," ಅಂದಳು. ಕುಳಿತುಕೊಳ್ಳಲಿಲ್ಲ.

ಫಾದರ್ ಪೆನ್ನು ಕೆಳಗಿಟ್ಟರು. "ಅವಳು ನಿಮ್ಮ ಹತ್ತಿರ ಹೇಳಿದ್ದಾ?"

"ಅವಳು ಹೇಳಲಿಲ್ಲ. ನಾನು ನೋಡಿದ್ದು. ಭುಜ, ಎದೆ, ತೋಳು. ಹೊಸತು, ಹಳತು ಎಲ್ಲ ಉಂಟು."

"ನೋಡಿ, ನಿಮಗೆ ನಿಮ್ಮದೇ ಒಂದು ಅನುಭವ ಆಗಿದೆ. ಹಾಗಾಗಿ ಎಲ್ಲರ ಮನೆಯಲ್ಲೂ ಅದೇ ಕಾಣುವುದು ಸಹಜ."

"ನಾನು ಪೆಟ್ಟು ತಿಂದವಳು ಫಾದರ್. ಕುರುಡಿ ಅಲ್ಲ."

ಫಾದರ್ ಬೇಸರ ಮಾಡಿಕೊಳ್ಳಲಿಲ್ಲ. ಅವರದು ತಾಳ್ಮೆಯ ಸ್ವಭಾವ. ಪೆಟ್ಟು ಬೇರೆಯವರ ಮೈಮೇಲೆ ಬೀಳುವಾಗ ತಾಳ್ಮೆ ಸುಲಭ. "ಸಂಸಾರದ ತಕರಾರು ನೇರ ನನ್ನ ಹತ್ತಿರ ಬರುವ ಕ್ರಮ ಇಲ್ಲ," ಅಂದರು. "ಗುರ್ಕಾರರ ಚೀಟಿ ತೆಗೆದುಕೊಂಡು ಬರಬೇಕು. ಪಾಲನಾ ಮಂಡಳಿಯ ನಿಯಮ. ಅವಳ ವಾರ್ಡಿನ ಗುರ್ಕಾರ ಯಾರು…"



"ಹೌದು ಫಾದರ್," ಅಂದಳು ಗ್ಲ್ಯಾಡಿಸ್. "ಲಯನೆಲ್."

ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ? ಈ ಇಗರ್ಜಿಯಲ್ಲಿ ಬೇಲಿಗೇ ಕೊಡಬೇಕು. ಹೊಡೆಸಿಕೊಂಡವಳು ಹೊಡೆದವನ ಸಹಿ ಹಾಕಿಸಿಕೊಂಡು ಬರಬೇಕು. ನೂರು ವರ್ಷದಿಂದ ಇದೇ ಕ್ರಮ. ಗುರ್ಕಾರನೇ ಹೊಡೆಯುವವನಾದರೆ ಏನು ಎಂದು ನೂರು ವರ್ಷದಲ್ಲಿ ಯಾರಿಗೂ ಕೇಳಬೇಕು ಎನಿಸಿರಲಿಲ್ಲ. ಕೇಳಬೇಕಾದವರು ಪಾಲನಾ ಮಂಡಳಿಯಲ್ಲಿ ಇರಲಿಲ್ಲ.

"ನಾನೇ ಅವನ ಹತ್ತಿರ ಮೆಲ್ಲ ಮಾತಾಡ್ತೇನೆ," ಅಂದರು ಫಾದರ್.

"ಅವನ ಹತ್ತಿರ ಬೇಡ! ಅವಳ ಹತ್ತಿರ ಮಾತಾಡಿ. ಅವಳೊಬ್ಬಳನ್ನೇ ಕರೆದು ಕೇಳಿ."

"ಗಂಡನ ಕಣ್ಣು ತಪ್ಪಿಸಿ ಹೆಂಡತಿಯನ್ನು ಕರೆಯಲಿಕ್ಕೆ ಆಗ್ತದಾ? ಜನ ಎಂತ ಹೇಳ್ತಾರೆ? ಪ್ರಾರ್ಥನೆ ಮಾಡುವ. ಸಂತ ಮೋನಿಕಾ ಎಂಥ ಗಂಡನನ್ನು ಸಹಿಸಿಕೊಂಡಳು ಗೊತ್ತುಂಟಲ್ಲ? ಕೊನೆಗೆ ಅವನು ಬದಲಾಗಲಿಲ್ಲವಾ?"

"ಮೋನಿಕಾ ಸತ್ತು ಸಂತಳಾದಳು ಫಾದರ್. ಸೋನಿಯಾ ಇನ್ನೂ ಬದುಕಿದ್ದಾಳೆ."

ಐದನೆಯ ದಿನ ಮಧ್ಯಾಹ್ನ ಅಂಗಡಿಯ ಮುಂದೆ ಆಟೋ ನಿಂತಿತು. ಓಣಿಯ ತುದಿಯ ಸ್ಟ್ಯಾಂಡಿನ ಝುಬೈರ್‌ನದು. ಗ್ಲ್ಯಾಡಿಸಳ ಬಟ್ಟೆಯ ಗಂಟುಗಳನ್ನು ತಂದು ಹಾಕುವವನು ಅವನೇ. ಹಿಂದಿನ ಸೀಟಿನಿಂದ ಸೋನಿಯಾ ಕಂಬಿ ಹಿಡಿದು ಒಂದೊಂದೇ ಕಾಲು ಕೆಳಗಿಟ್ಟಳು.

"ಗ್ಲ್ಯಾಡಿಸ್ ಬಾಯಿ, ಮೊದಲು ಇವರಿಗೆ ನೀರು ಕೊಡಿ ಮಾರಾಯ್ರೆ," ಅಂದ ಝುಬೈರ್. "ಹತ್ತುವಾಗಿಂದ ನಡುಗ್ತಾ ಇದ್ದಾರೆ. ಆಸ್ಪತ್ರೆಗೆ ಹೋಗುವ ಅಂದರೆ ಬೇಡ ಅಂತಾರೆ." ಬಾಡಿಗೆ ಕೇಳದೆ ಹೋದ. ಹೋದವನು ಸ್ಟ್ಯಾಂಡಿಗೆ ಹೋಗದೆ ಅಂಗಡಿಗೆ ಎದುರಾಗಿ ಮಾವಿನ ಮರದಡಿ ಆಟೋ ನಿಲ್ಲಿಸಿಕೊಂಡು ಕುಳಿತ.

ಸೋನಿಯಾ ನೀರು ಕುಡಿಯಲಿಲ್ಲ. "ನೀವು ಯಾರನ್ನು ಕೇಳಿ ಹೇಳಿದ್ದು?" ಅಂದಳು.

ಗ್ಲ್ಯಾಡಿಸ್ ಲೋಟವನ್ನು ಮೇಜಿನ ಮೇಲಿಟ್ಟಳು. ಸೋನಿಯಾ ಮುಂದುವರಿಸಿದಳು.

"ಫಾದರ್ ಅವನನ್ನು ಚಾ ಕುಡಿಯಲಿಕ್ಕೆ ಕರೆದರಂತೆ. ಬಿಸ್ಕೆಟ್ ಕೊಟ್ಟರಂತೆ. ಟೈಲರ್ ಬಾಯಿ ಹೀಗೆ ಹೇಳಿದ್ದಾಳೆ, ಜನರ ಬಾಯಿಗೆ ಬೀಳಬೇಡ ಅಂದರಂತೆ. ಇವನು ನಗಾಡಿದನಂತೆ. ಅವರೂ ನಗಾಡಿದರಂತೆ. ಮನೆಗೆ ಬಂದು ಕಿಟಕಿ ಹಾಕಿದ. ಟಿವಿಯಲ್ಲಿ ಜಪಸರ ಹಾಕಿ ಜೋರು ಮಾಡಿದ. ಒಂದು ಜಪಸರಕ್ಕೆ ಐವತ್ತಮೂರು ನಮೋ ಮರಿಯಾ ಪ್ರಾರ್ಥನೆ, ಬಾಯಿ. ಒಂದೊಂದಕ್ಕೆ ಒಂದೊಂದು. ಬೆಲ್ಟು. ನಡುವೆ ನಿಲ್ಲಿಸಲಿಲ್ಲ, ಏವ್ರಿಲ್ ಬಾಗಿಲು ಬಡಿದರೂ ನಿಲ್ಲಿಸಲಿಲ್ಲ. ಮಾರನೆ ದಿನ ಪಕ್ಕದ ಮನೆಯವರು ಎಂತ ಹೇಳಿದ್ದು ಗೊತ್ತುಂಟಾ? ನಿಮ್ಮ ಮನೆಯಲ್ಲಿ ಎಷ್ಟು ಭಕ್ತಿ ಸೋನಿಯಾ, ಕೇಳಿ ಖುಷಿಯಾಯ್ತು ಅಂತ."

ಗ್ಲ್ಯಾಡಿಸ್ ಮೇಜು ಹಿಡಿದುಕೊಂಡಳು. ಇಪ್ಪತ್ತೆರಡು ವರ್ಷ ಅವಳು ಒಂದು ಮಾತಿಗಾಗಿ ಕಾದಿದ್ದಳು. ಹಿಂದಿನ ಫಾದರ್ ಹೇಳಲಿಲ್ಲ, ಅವಳ ಸ್ವಂತ ಅಕ್ಕ ಹೇಳಲಿಲ್ಲ. ಈಗ ಅದೇ ಮಾತನ್ನು ಅವಳು ಹೇಳಬೇಕಾಗಿತ್ತು.

"ತಪ್ಪಾಯಿತು ಬಾಯೆ. ನಿನ್ನನ್ನು ಕೇಳದೆ ಹೋದದ್ದು ನನ್ನ ತಪ್ಪು."

ಸೋನಿಯಾ ಬೈಯಲಿಕ್ಕೇ ಬಂದವಳು. ತಪ್ಪಾಯಿತು ಎನ್ನುವವರನ್ನು ಹೇಗೆ ಬೈಯುವುದು ಎಂದು ಅವಳಿಗೆ ತಿಳಿಯಲಿಲ್ಲ. ಹನ್ನೆರಡು ವರ್ಷದಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಸ್ಟೂಲಿನ ಅಂಚಿನಲ್ಲಿ, ಬೆನ್ನು ತಾಗದ ಹಾಗೆ ಕುಳಿತು ಅತ್ತಳು. ಆಮೇಲೆ ನೀರು ಕುಡಿದಳು. ಆಮೇಲೆ ಫೋನು ತೆಗೆದು ಇಗರ್ಜಿಯ ವಾಟ್ಸಾಪ್ ಗುಂಪನ್ನು ತೋರಿಸಿದಳು. ಹೂವಿನ ಚೌಕಟ್ಟಿನಲ್ಲಿ ಲಯನೆಲ್, ಸೋನಿಯಾ, ಏವ್ರಿಲ್. ಕೆಳಗೆ ದಪ್ಪ ಅಕ್ಷರ. ಈ ವರ್ಷದ ಆದರ್ಶ ಕುಟುಂಬ. ಭಾನುವಾರ ಪೂಜೆಯಲ್ಲಿ ಸನ್ಮಾನ. ಎಂಬತ್ತು ಜನ ಕೈಮುಗಿದಿದ್ದರು.

"ಫಾದರ್‌ಗೆ ಗೊತ್ತಾದ ಮೇಲೆ ಹಾಕಿದ್ದು," ಅಂದಳು ಸೋನಿಯಾ. "ಮೊದಲು ಅಲ್ಲ. ಆಮೇಲೆ."

 ಫ್ಯಾನು ತಿರುಗುತ್ತಿತ್ತು. ಹ್ಯಾಂಗರಿನಲ್ಲಿ ಹದಿನೆಂಟು ನೀಲಿ ರವಿಕೆ. ಒಂದಕ್ಕೆ ಮಾತ್ರ ಉದ್ದ ತೋಳು.

"ನನ್ನದು ಇಳಿಸಿ," ಅಂದಳು ಸೋನಿಯಾ. "ತೋಳು ಕತ್ತರಿಸಿ."

"ಬೇಡ ಬಾಯೆ. ಎಲ್ಲರೂ ನೋಡ್ತಾರೆ."

"ನೋಡಲಿ."

"ಅವನು ಕೊಲ್ತಾನೆ."

"ತುಂಬು ತೋಳು ಹಾಕಿದರೆ ಕೊಲ್ಲುವುದಿಲ್ಲ ಅಂತ ಉಂಟಾ? ಇಷ್ಟು ವರ್ಷ ಹಾಕಿದೆ. ಎಂತ ಆಯ್ತು? ತೋಳು ಉದ್ದ ಆದಷ್ಟು ಅವನಿಗೆ ಜಾಗ ಜಾಸ್ತಿ ಆಯ್ತು." ಅವಳೇ ಎದ್ದು ರವಿಕೆಯನ್ನು ಹ್ಯಾಂಗರಿನಿಂದ ಇಳಿಸಿದಳು. "ಮೊದಲು ನನ್ನನ್ನು ಕೇಳದೆ ಹೇಳಿದಿರಿ. ಈಗ ನಾನೇ ಹೇಳ್ತಾ ಇದ್ದೇನೆ, ಈಗ ಕೇಳುವುದಿಲ್ಲ ಅಂದರೆ ಹೇಗೆ? ಕತ್ತರಿಸಿ."

ಗ್ಲ್ಯಾಡಿಸ್ ಕತ್ತರಿ ತೆಗೆದುಕೊಂಡಳು. ಆರು ಇಂಚು ಬಿಡಲೇ ಎಂದು ಕೇಳಿದಳು. ನಾಲ್ಕು ಸಾಕು ಎಂದಳು ಸೋನಿಯಾ. ದಪ್ಪ ಬಟ್ಟೆ, ಒಳಗೆ ಅಸ್ತರು ಬೇರೆ. ಕತ್ತರಿ ಕಚಕಚ ಅಂದಿತು. ಅಷ್ಟು ಬಟ್ಟೆ ನೆಲಕ್ಕೆ ಬೀಳುವುದನ್ನು ಇಬ್ಬರೂ ನಿಂತು ನೋಡಿದರು.

ಭಾನುವಾರ ಇಗರ್ಜಿ ತುಂಬಿತ್ತು. ಲಯನೆಲ್ ಬೆಳಿಗ್ಗೆ ಆರಕ್ಕೇ ಬಂದು ಮೈಕು ಸರಿ ಮಾಡಿಸಿ, ಹೂ ಕಟ್ಟಿಸಿ, ಬಿಳಿ ಶರಟಿನಲ್ಲಿ ಮೊದಲ ಬೆಂಚಿನಲ್ಲಿ ಕುಳಿತಿದ್ದ. ಪಕ್ಕದಲ್ಲಿ ಒಂಬತ್ತು ವರ್ಷದ ಏವ್ರಿಲ್. ಸೋನಿಯಾ ಗಾಯನ ಮಂಡಳಿಯ ಜೊತೆ ಬದಿಯಲ್ಲಿದ್ದಳು, ಸೆರಗನ್ನು ಎರಡೂ ಭುಜಕ್ಕೆ ಸುತ್ತಿಕೊಂಡು. ಗ್ಲ್ಯಾಡಿಸ್ ಕಂಬದ ಹಿಂದೆ.

ಕೀರ್ತನೆಯ ಹೊತ್ತಾಯಿತು. ಸೋನಿಯಾ ಮೈಕಿನ ಎದುರು ಬಂದು ನಿಂತಳು. ಸೆರಗನ್ನು ಬಿಚ್ಚಿ ಬೆನ್ನಿಗೆ ಬಿಟ್ಟಳು.

ಬೆಲ್ಟಿನ ಪಟ್ಟಿಗಳು. ರವಿಕೆಯ ತೋಳಿನ ಅಂಚಿನಿಂದ ಮೊಣಕೈವರೆಗೆ, ಮೊಣಕೈಯಿಂದ ಕೆಳಗೆ, ಒಂದರ ಮೇಲೊಂದು. ಕೆಲವು ಕೆಂಪು, ಕೆಲವು ಕಪ್ಪು. ಬಕಲಿನ ಮೂಲೆ ಕಚ್ಚಿದಲ್ಲಿ ಚರ್ಮ ಒಡೆದು ಒಣಗಿತ್ತು. ಇಗರ್ಜಿಯ ಟ್ಯೂಬ್‌ಲೈಟು ಚೆನ್ನಾಗಿತ್ತು. ಕೊನೆಯ ಬೆಂಚಿನವರೆಗೆ ಕಾಣುತ್ತಿತ್ತು.

ಅವಳು ಹಾಡಿದಳು. ನಾಲ್ಕು ಚರಣ ಹಾಡಿದಳು. ಒಂದು ಸ್ವರವೂ ತಪ್ಪಲಿಲ್ಲ.

ಮುಂದಿನ ಬೆಂಚಿನ ಹೆಂಗಸರು ಕೀರ್ತನೆಯ ಪುಸ್ತಕ ನೋಡಿದರು. ಗಂಡಸರು ಫ್ಯಾನು ನೋಡಿದರು. ಯಾರೋ ಕೆಮ್ಮಿದರು. ಸ್ತ್ರೀ ಸಂಘಟನೆಯ ಅಧ್ಯಕ್ಷೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಎಲ್ಲರಿಗೂ ಕಂಡಿತು, ಯಾರೂ ನೋಡಲಿಲ್ಲ. ಫಾದರ್ ವಲೇರಿಯನ್ ಪ್ರಸಂಗಕ್ಕೆ ಎದ್ದು ನಿಂತರು. ಅವರ ಮುಖದ ರಕ್ತ ಇಳಿದದ್ದು ಗ್ಲ್ಯಾಡಿಸ್‌ಗೆ ಕಂಡಿತು. ಈಗ ಹೇಳ್ತಾರೆ, ಈಗ ಏನಾದರೂ ಹೇಳ್ತಾರೆ ಎಂದುಕೊಂಡಳು. ಫಾದರ್ ಕನ್ನಡಕ ಸರಿ ಮಾಡಿಕೊಂಡು, ಬರೆದುಕೊಂಡು ಬಂದದ್ದನ್ನು ಓದಿದರು. ಕುಟುಂಬವೇ ಚಿಕ್ಕ ಇಗರ್ಜಿ ಎಂದು ಓದಿದರು.

ಪರಮಪ್ರಸಾದ ಮುಗಿಯಿತು. ಪಾಲನಾ ಮಂಡಳಿಯ ಕಾರ್ಯದರ್ಶಿ ಶಾಲು, ಹಣ್ಣಿನ ಬುಟ್ಟಿ ತಂದ. ಆದರ್ಶ ಕುಟುಂಬ ಮುಂದೆ ಬರಬೇಕು ಎಂದ. ಲಯನೆಲ್ ಎದ್ದ, ಏವ್ರಿಲಳ ಭುಜದ ಮೇಲೆ ಕೈಯಿಟ್ಟು ನಡೆದ. ಅವನ ಮುಖದಲ್ಲಿ ನಗು ಇನ್ನೂ ಇತ್ತು. ಜನ ಕಣ್ಣಾರೆ ಕಂಡರೂ ಸುಮ್ಮನಿದ್ದಾರೆಂದ ಮೇಲೆ ಅವನಿಗೇಕೆ ಹೆದರಿಕೆ?

ಸೋನಿಯಾ ಅವನ ಪಕ್ಕಕ್ಕೆ ಹೋಗಲಿಲ್ಲ. ಮೈಕಿನ ಎದುರು ಹೋದಳು.

"ಗುರ್ಕಾರರೇ," ಅಂದಳು. ಗಂಡನನ್ನು ಹಾಗೆ ಅವಳು ಎಂದೂ ಕರೆದಿರಲಿಲ್ಲ. "ನನಗೊಂದು ಚೀಟಿ ಬೇಕು. ನನ್ನ ಗಂಡ ನನಗೆ ಹೊಡೀತಾನೆ. ಹನ್ನೆರಡು ವರ್ಷದಿಂದ ಹೊಡೀತಾನೆ. ಫಾದರ್ ಹತ್ತಿರ ದೂರು ಕೊಡಬೇಕು. ಗುರ್ಕಾರರ ಚೀಟಿ ಇಲ್ಲದೆ ದೂರು ತೆಗೆದುಕೊಳ್ಳುವ ಕ್ರಮ ಇಲ್ಲವಂತೆ. ಬರೆದು ಸಹಿ ಹಾಕಿ ಕೊಡಿ."

ಕಾರ್ಯದರ್ಶಿ ಹಣ್ಣಿನ ಬುಟ್ಟಿಯನ್ನು ಕೆಳಗಿಟ್ಟ.

"ಅವಳಿಗೆ ಹುಷಾರಿಲ್ಲ," ಅಂದ ಲಯನೆಲ್, ಜನರ ಕಡೆ ತಿರುಗಿ, ಮೆಲ್ಲಗೆ. "ಸ್ವಲ್ಪ ಮನಸ್ಸಿನ ತೊಂದರೆ ಉಂಟು. ಮದ್ದು ಮಾಡಿಸ್ತಾ ಇದ್ದೇವೆ. ಸೋನಿಯಾ, ಬಾ ಮನೆಗೆ."

"ಪೆನ್ನು ಇಲ್ಲದಿದ್ದರೆ ಹೇಳಿ, ಕಾರ್ಯದರ್ಶಿಯ ಹತ್ತಿರ ಉಂಟು."

"ಮೈಕ್ ಆಫ್ ಮಾಡಿ!" ಅಂದ ಲಯನೆಲ್. ಅವನೇ ಕೊಡಿಸಿದ ಮೈಕು, ಅವನು ಹೇಳಿದೊಡನೆ ಸತ್ತಿತು. ಆದರೆ ಇಪ್ಪತ್ತು ವರ್ಷ ಹಾಡಿದವಳ ಗಂಟಲಿಗೆ ಮೈಕಿನ ಹಂಗು ಯಾಕೆ? ಸೋನಿಯಾ ಎದೆಯಿಂದ ಉಸಿರೆಳೆದು ಹೇಳಿದಳು, ಹೊರಗೆ ಚಪ್ಪರದಡಿ ನಿಂತವರಿಗೂ ಕೇಳಿತು.

"ಮೊನ್ನೆ ಟಿವಿಯಲ್ಲಿ ಜಪಸರ ಜೋರು ಮಾಡಿ ಹೊಡೆದ. ಐವತ್ತಮೂರು. ಎಣಿಸಬೇಕಾದರೆ ಬನ್ನಿ, ಹತ್ತಿರ ಬಂದು ಎಣಿಸಿ. ಆ ಶಾಲು ನನಗೆ ಹೊದೆಸಬೇಡಿ. ಇನ್ನು ನಾನು ಮುಚ್ಚಿಕೊಳ್ಳುವುದಿಲ್ಲ."

ಸ್ತ್ರೀ ಸಂಘಟನೆಯ ಅಧ್ಯಕ್ಷೆ ಎದ್ದು ನಿಂತಳು. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಮಾರಾಯ್ತಿ. ಅದನ್ನು ದೇವರ ಎದುರು ತರುವುದಾ?"

ಆಗ ಕಂಬದ ಹಿಂದಿನಿಂದ ಗ್ಲ್ಯಾಡಿಸ್ ಎದ್ದಳು. ಮೊಣಕಾಲು ಕಟಕ್ಕೆಂದಿತು. ಇಗರ್ಜಿಯ ನಡುವಿನ ದಾರಿಯಲ್ಲಿ ಅವಳು ನಡೆದು ಇಪ್ಪತ್ತೆರಡು ವರ್ಷವಾಗಿತ್ತು. ಕುಂಟುತ್ತ ನಡೆದಳು.

"ಆ ಗಾದೆ ಕಟ್ಟಿದವನು ಉಂಡವನು," ಅಂದಳು. "ಬಡಿಸಿದವಳನ್ನು ಯಾರು ಕೇಳಿದ್ದು? ದೇವರ ಎದುರು ತರದೆ ಮತ್ತೆ ಎಲ್ಲಿಗೆ ತರಬೇಕು? ನನ್ನನ್ನು ಕಂಬದ ಹಿಂದೆ ಕೂರಿಸಿದಿರಿ, ಕುಳಿತೆ. ನಾಚಿಕೆ ನನ್ನದು ಅಂತ ಗ್ರಹಿಸಿದ್ದೆ. ನನ್ನದಲ್ಲ. ನಿಮ್ಮದು."

ಹೇಳುತ್ತಲೇ ನಡೆದು ಸೋನಿಯಾಳ ಪಕ್ಕದಲ್ಲಿ ನಿಂತಳು. ಬೇರೆ ಯಾರೂ ಬರಲಿಲ್ಲ. ಗಾಯನ ಮಂಡಳಿಯ ಹದಿನೇಳು ಹೆಂಗಸರಲ್ಲಿ ಒಬ್ಬಳೂ ಕದಲಲಿಲ್ಲ. ಆದರೆ ಏವ್ರಿಲ್ ಅಪ್ಪನ ಕೈಯನ್ನು ಭುಜದಿಂದ ಕೊಡವಿ ಹಾಕಿ ಅಮ್ಮನ ಹತ್ತಿರ ಓಡಿದಳು.

ಪೂಜೆ ಹೇಗೋ ಮುಗಿಯಿತು. ಕಚೇರಿಯ ವರಾಂಡದಲ್ಲಿ ಫಾದರ್ ವಲೇರಿಯನ್ ಬೆವರು ಒರೆಸಿಕೊಂಡರು. ಮೈಮೇಲೆ ಗ್ಲ್ಯಾಡಿಸ್ ಹೊಲಿದ ಬಿಳಿ ನಿಲುವಂಗಿ ಇನ್ನೂ ಇತ್ತು. ಅಂಗಳದಲ್ಲಿ ಜನ ಗುಂಪುಗುಂಪಾಗಿ ನಿಂತಿದ್ದರು. ಗೇಟಿನ ಹತ್ತಿರ ಲಯನೆಲ್, ಕಾರ್ಯದರ್ಶಿಯ ಜೊತೆ, ಕೈಕಟ್ಟಿಕೊಂಡು.

"ಈಗ ಎಲ್ಲರೂ ಬಿಸಿಯಲ್ಲಿದ್ದಾರೆ," ಅಂದರು ಫಾದರ್. "ಇವತ್ತು ಮನೆಗೆ ಹೋಗಿ. ಸೋಮವಾರ ಇಬ್ಬರನ್ನೂ ಕೂರಿಸಿ ಮಾತಾಡುವ."

"ಸೋಮವಾರಕ್ಕೆ ನಾನು ಬದುಕಿರಬೇಕಲ್ಲ ಫಾದರ್," ಅಂದಳು ಸೋನಿಯಾ.

"ಹಾಗಾದರೆ ಕೆಲವು ದಿನ ಎಲ್ಲಾದರೂ… ತಾಯಿಮನೆಗೆ…"

"ನಾನು ಯಾಕೆ ಓಡಬೇಕು? ನನ್ನ ಮಗಳ ಶಾಲೆ ಇಲ್ಲುಂಟು. ನನ್ನ ಹಾಡು ಇಲ್ಲುಂಟು. ಕಂಬದ ಹಿಂದೆ ನಾನು ಕೂರುವುದಿಲ್ಲ. ಹೋಗಬೇಕಾದವನು ಅವನು. ನಾನು ಸ್ಟೇಷನ್ನಿಗೆ ಹೋಗ್ತೇನೆ."

ಝುಬೈರ್‌ನ ಆಟೋ ಗೇಟಿನ ಒಳಗೇ ಬಂದು ನಿಂತಿತ್ತು. ಬೆಳಿಗ್ಗೆ ಗ್ಲ್ಯಾಡಿಸ್ ಅವನಿಗೆ, ಪೂಜೆ ಬಿಡುವ ಹೊತ್ತಿಗೆ ಬಾ, ಗೇಟಿನ ಹೊರಗೆ ನಿಲ್ಲಿಸಬೇಡ ಎಂದಿದ್ದಳು. ಸೋನಿಯಾ ಮಗಳ ಕೈಹಿಡಿದು ಹತ್ತಿದಳು. ಗ್ಲ್ಯಾಡಿಸ್ ಹತ್ತಲಿಲ್ಲ. ಫಾದರ್ ಕಡೆ ತಿರುಗಿದಳು.

"ನೀವೂ ಬನ್ನಿ ಫಾದರ್."

"ನಾನಾ?"

"ನಾವು ಇಬ್ಬರು ಹೆಂಗಸರು ಹೋದರೆ ಹಿಂದೆಯೇ ಹತ್ತು ಫೋನು ಹೋಗ್ತದೆ. ಗುರ್ಕಾರ ಒಳ್ಳೆಯವನು, ಹೆಂಡತಿಗೆ ಹುಚ್ಚು ಅಂತ. ಅವನ ಹಿಂದೆ ಇಗರ್ಜಿ ಉಂಟು ಅಂತ ಎಲ್ಲರಿಗೂ ಗೊತ್ತುಂಟು. ಇವಳ ಹಿಂದೆಯೂ ಉಂಟಾ ಇಲ್ಲವಾ? ಹೇಳಿ. ಇಲ್ಲದಿದ್ದರೆ ಇಲ್ಲ ಅಂತ ಇಲ್ಲೇ, ಈ ಜನರ ಎದುರು ಹೇಳಿ."

 ಫಾದರ್ ಗೇಟಿನ ಕಡೆ ನೋಡಿದರು. ಲಯನೆಲ್ ಕೈಬೆರಳಲ್ಲಿ, ಬೇಡ ಎಂದು ಸನ್ನೆ ಮಾಡಿದ. ಫಾದರ್ ಆಟೋದೊಳಗೆ ನೋಡಿದರು. ಸೋನಿಯಾಳ ತೋಳು ಅವರ ಕಣ್ಣಿನಿಂದ ಎರಡು ಅಡಿ ದೂರದಲ್ಲಿತ್ತು. ಇಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲು.

"ಪೂಜೆಯ ವಸ್ತ್ರ ತೆಗೆದು ಬರ್ತೇನೆ," ಅಂದರು.

"ತೆಗೆಯಬೇಡಿ. ಹಾಗೇ ಬನ್ನಿ."

ಸಣ್ಣ ಆಟೋ. ಫಾದರ್ ಒಂದು ಬದಿಯಲ್ಲಿ ಮುದುಡಿ ಕುಳಿತರು. ನಿಲುವಂಗಿಯ ಅಂಚು ಹೊರಗೆ ನೇತಾಡುತ್ತಿತ್ತು, ಏವ್ರಿಲ್ ಅದನ್ನು ಎಳೆದು ಒಳಗೆ ಹಾಕಿದಳು. ಗ್ಲ್ಯಾಡಿಸ್ ಮುಂದೆ ಝುಬೈರ್‌ನ ಪಕ್ಕದಲ್ಲಿ ಅರ್ಧ ಸೀಟಿನಲ್ಲಿ ಕುಳಿತಳು. ಗೇಟಿನಲ್ಲಿ ಲಯನೆಲ್ ಅಡ್ಡ ಬಂದ. ಝುಬೈರ್ ಹಾರ್ನಿನಿಂದ ಕೈ ತೆಗೆಯಲಿಲ್ಲ. ಆಟೋ ನಿಲ್ಲಲಿಲ್ಲ, ಲಯನೆಲ್ ಸರಿಯಬೇಕಾಯಿತು.

ಮಹಿಳಾ ಠಾಣೆಯಲ್ಲಿ ಭಾನುವಾರದ ಡ್ಯೂಟಿಯಲ್ಲಿದ್ದ ಎಸ್‌ಐ, ಪೂಜೆಯ ವಸ್ತ್ರದಲ್ಲಿ ಒಳಗೆ ಬಂದ ಫಾದರ್‌ರನ್ನು ಕಂಡು ಎದ್ದು ನಿಂತಳು. ಕುರ್ಚಿ ಹಾಕಿಸಿದಳು. ಗ್ಲ್ಯಾಡಿಸ್ ಆ ಕುರ್ಚಿಯಲ್ಲಿ ಸೋನಿಯಾಳನ್ನು ಕೂರಿಸಿದಳು. ಸೋನಿಯಾ ಹೇಳಿದಳು. ಒಂದು ಗಂಟೆ ಹೇಳಿದಳು. ಹೇಳಿದ್ದನ್ನೆಲ್ಲ ಒಬ್ಬಳು ಹುಡುಗಿ ಕಂಪ್ಯೂಟರಿನಲ್ಲಿ ಬಡಿದಳು. ಆಸ್ಪತ್ರೆಗೆ ಕಾಗದ ಬರೆದರು. ಎಸ್‌ಐ ಫಾದರ್ ಕಡೆ ತಿರುಗಿದಳು.

"ನೀವು ಸಾಕ್ಷಿಯಾ ಫಾದರ್?"

"ನಾನು… ಇಗರ್ಜಿಯ ಪರವಾಗಿ ಜೊತೆಗೆ ಬಂದದ್ದು."

"ಅಲ್ಲ," ಅಂದಳು ಗ್ಲ್ಯಾಡಿಸ್. ದನಿ ಏರಿಸಲಿಲ್ಲ. "ಅವರು ಸಾಕ್ಷಿ. ಅವರಿಗೆ ಮೊದಲೇ ಗೊತ್ತಿತ್ತು. ನಾನೇ ಹೋಗಿ ಹೇಳಿದ್ದು. ಇವಳ ಮೈಮೇಲೆ ಈಗ ಕಾಣ್ತಾ ಇರುವುದು ಅದಾದ ಮೇಲೆ ಬಿದ್ದದ್ದು. ಯಾವತ್ತು ಗೊತ್ತಾಯಿತು ಅಂತ ತಾರೀಕು ಬರೆಸಿ ಫಾದರ್."

ಫಾದರ್ ಅವಳ ಮುಖ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ.  ಕಂಪ್ಯೂಟರಿನ ಹುಡುಗಿ ಬೆರಳು ಎತ್ತಿಕೊಂಡು ಕಾದಳು. ಏವ್ರಿಲ್ ಅಮ್ಮನ ಸೆರಗು ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದಳು.

"ಏಪ್ರಿಲ್ ಇಪ್ಪತ್ತೆರಡು," ಅಂದರು ಫಾದರ್ ಕೊನೆಗೆ. "ಏಪ್ರಿಲ್ ಇಪ್ಪತ್ತೆರಡಕ್ಕೆ ನನಗೆ ಗೊತ್ತಾಯಿತು. ನಾನು ಏನೂ ಮಾಡಲಿಲ್ಲ."

"ಏನೂ ಮಾಡಲಿಲ್ಲ ಅಂತ ಅಲ್ಲ," ಅಂದಳು ಸೋನಿಯಾ, ಕುರ್ಚಿಯಲ್ಲಿ ನೆಟ್ಟಗೆ ಕುಳಿತು. "ಅವನಿಗೆ ಹೋಗಿ ಹೇಳಿದಿರಿ. ಅದನ್ನೂ ಬರೆಸಿ."

ಫಾದರ್ ಅದನ್ನೂ ಬರೆಸಿ, ಕೆಳಗೆ ಸಹಿ ಹಾಕಿದರು.